ಮಳೆ ‘ವಾಡಿಕೆ’ಯಷ್ಟೇ ಬಂದದ್ದಾದ್ರೆ ನಮ್ಮ ಬಾವಿ ಯಾಕೆ ಒಣಗಿತು?

ಪ್ರಶ್ನೆ: ಸರ್, ನಮ್ಮದು ಮಂಗಳೂರು ಬದಿಯ ಗುರುಪುರ ಕೈಕಂಬದ ಹತ್ತಿರ ಎರಡು ಎಕ್ರೆ ಅಡಿಕೆ ತೋಟ. ಮನೆಯಲ್ಲಿ ದಿನಾ ಒಂದೇ ಚರ್ಚೆ. ಮಳೆಯೇ ಕಡಿಮೆಯಾಗಿದೆ, ಮೊದಲಿನ ಹಾಗೆ ಇಲ್ಲವೇ ಇಲ್ಲ ಅಂತ ಅತ್ತೆ ಹೇಳ್ತಾರೆ. ಇವರು ಮೊಬೈಲ್ ತೆಗೆದು ‘ನೋಡಮ್ಮ, ವಾಡಿಕೆ ಮಳೆ ಅಂತ ಉಂಟು’ ಅಂತ ತೋರಿಸ್ತಾರೆ. ಆದ್ರೆ 2023ರಲ್ಲಿ ಬಾವಿಗೆ ಕೊಡಪಾನ ಇಳಿಸಿದ್ರೆ ಕೆಸರು ಬರ್ತಿತ್ತು, 2025ರಲ್ಲಿ ಪತ್ತನಾಜೆಗೇ (ಮೇ 24) ಮಳೆ ಹಿಡಿದು ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡ್ಲಿಕ್ಕೇ ಆಗ್ಲಿಲ್ಲ, ಡಿಸೆಂಬರಲ್ಲಿ ಅಂಗಳದ ಅಡಿಕೆ ಒದ್ದೆ, ಫೆಬ್ರವರಿಯಲ್ಲೇ ತಡೆಯಲಾಗದ ಸೆಕೆ. ಯಾರು ಹೇಳುವುದು ಸರಿ? ಇದೆಲ್ಲ ಹವಾಮಾನ ಬದಲಾವಣೆಯಾ? ಇನ್ನು ಮದ್ದು ಯಾವಾಗ ಬಿಡುವುದು?

ಉತ್ತರ: ಅಕ್ಕಾ, ಮೊದಲು ಮನೆ ಜಗಳ ಮುಗಿಸುವ, ಆಮೇಲೆ ಮಳೆಗೆ ಹೋಗುವ. ನಿಮ್ಮ ಅತ್ತೆಯೂ ಸರಿ, ಯಜಮಾನ್ರೂ ಸರಿ. ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳ್ತಾ ಇದ್ದಾರೆ ಅಷ್ಟೆ. ಯಜಮಾನ್ರು ನೋಡುವುದು ಎಷ್ಟು ಬಂತು ಅಂತ, ಅತ್ತೆ ನೋಡುವುದು ಯಾವಾಗ ಬಂತು, ಹೇಗೆ ಬಂತು ಅಂತ. ತೋಟ ಮಾಡುವವರಿಗೆ ಬೇಕಾದ್ದು ಎರಡನೆಯದ್ದು, ಹಾಗಾಗಿ ಮಾರ್ಕು ಕೊಡುವುದಾದ್ರೆ ಅತ್ತೆಗೇ ನಾನು ಎರಡು ಮಾರ್ಕು ಜಾಸ್ತಿ ಕೊಡ್ತೇನೆ.

ಈ ‘ವಾಡಿಕೆ’ ಅನ್ನುವ ಶಬ್ದ ಉಂಟಲ್ಲ, ಅದು ಕೇಳ್ಲಿಕ್ಕೆ ಬಹಳ ಸಾಧು, ಒಳಗೆ ನೋಡಿದ್ರೆ ದೊಡ್ಡ ಗೋಣಿಚೀಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಸರಾಸರಿಗಿಂತ ಶೇ. 19 ಕಡಿಮೆ ಬಂದ್ರೂ ವಾಡಿಕೆ, ಶೇ. 19 ಜಾಸ್ತಿ ಬಂದ್ರೂ ವಾಡಿಕೆ. ಶೇ. 20 ಕಡಿಮೆ ಆದ್ರೆ ಮಾತ್ರ ಕೊರತೆ ಅಂತ ಬರೀತಾರೆ. ಬಯಲುಸೀಮೆಯ ಒಂದು ಜಿಲ್ಲೆಗೆ 500 ಮಿ.ಮೀ. ಮಳೆಯಾಗುವುದಾದ್ರೆ ಈ ಚೀಲ ಅಷ್ಟೇನೂ ದೊಡ್ಡದಲ್ಲ. ಆದ್ರೆ ಕರಾವಳಿ ಕರ್ನಾಟಕಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವುದು ಹತ್ತಿರಹತ್ತಿರ 3100 ಮಿ.ಮೀ. ಅದಕ್ಕೆ ಶೇ. 19 ಹಾಕಿ ನೋಡಿ, 2550 ಬಂದ್ರೂ ವಾಡಿಕೆ, 3650 ಬಂದ್ರೂ ವಾಡಿಕೆ. ನಡುವಿನ ಆ 1100 ಮಿ.ಮೀ. ಉಂಟಲ್ಲ, ಅದು ಬೆಂಗಳೂರಿಗೆ ಇಡೀ ವರ್ಷ ಸುರಿಯುವ ಮಳೆಗಿಂತ ಜಾಸ್ತಿ! ಬೆಂಗಳೂರಿನ ಒಂದು ವರ್ಷದ ಮಳೆ ಬಂದ್ರೂ ಬಾರದಿದ್ರೂ ನಮ್ಮ ಹಣೆಯಲ್ಲಿ ‘ವಾಡಿಕೆ’ ಅಂತಲೇ ಬರೆದಿರ್ತದೆ. ಇಲಾಖೆಯದ್ದು ತಪ್ಪು ಅಂತಲ್ಲ, ಇಡೀ ದೇಶಕ್ಕೆ ಒಂದೇ ಅಳತೆಗೋಲು ಇಟ್ಟಾಗ ಹಾಗೇ ಆಗುವುದು.

ಇನ್ನೊಂದು ವಿಷಯ, ಈ ಸರಾಸರಿ ಅನ್ನುವುದು ಒಂದೇ ಕಡೆ ಕೂತುಕೊಳ್ಳುವ ಜನ ಅಲ್ಲ. ಮಳೆಗೆ ಈಗ ಇಲಾಖೆ ಇಟ್ಟುಕೊಂಡದ್ದು 1971ರಿಂದ 2020ರವರೆಗಿನ ಸರಾಸರಿ, ಉಷ್ಣಾಂಶಕ್ಕೆ 1991ರಿಂದ 2020ರದ್ದು. ಅಂದ್ರೆ ಸೆಕೆ ಜಾಸ್ತಿಯಾದ ಮೂವತ್ತು ವರ್ಷವನ್ನೇ ತೆಗೊಂಡು ಅದಕ್ಕೆ ಸಾಮಾನ್ಯ ಅಂತ ಹೆಸರಿಟ್ಟು, ಇವತ್ತು ಅದಕ್ಕಿಂತ ಒಂದು ಡಿಗ್ರಿ ಜಾಸ್ತಿ ಅಂತ ಹೇಳ್ತಾರೆ. ಅತ್ತೆ ಹೋಲಿಸುವುದು ಅವರು ಮದುವೆಯಾಗಿ ಆ ಮನೆಗೆ ಬಂದ ವರ್ಷದ ಜೊತೆ. ಹೋಲಿಕೆಯ ಬುಡವೇ ಬೇರೆಯಾದ ಮೇಲೆ ಜಗಳ ಮುಗಿಯುವುದು ಹೇಗೆ.

ಈಗ ಒಂದು ಸುಲಭದ ಲೆಕ್ಕ. ಒಂದು ತಿಂಗಳಿಗೆ 900 ಮಿ.ಮೀ. ಮಳೆ ಅಂತ ಇಟ್ಟುಕೊಳ್ಳಿ, ಜೂನ್, ಜುಲೈಯಲ್ಲಿ ನಮಗೆ ಇದೇನೂ ದೊಡ್ಡದಲ್ಲ. ಅದು 25 ದಿನಕ್ಕೆ ಹಂಚಿ ಬಂದ್ರೆ ದಿನಕ್ಕೆ 36 ಮಿ.ಮೀ., ಕಂಬಳಿ ಹೊದ್ದು ಹಪ್ಪಳ ಸುಟ್ಟು ತಿನ್ನುವಂಥಾ ಮಳೆ, ತೋಡು ತುಂಬಿ ಹರೀತದೆ, ಗುಡ್ಡೆ ನಿಧಾನಕ್ಕೆ ಕುಡೀತದೆ. ಅದೇ 900 ಒಂಬತ್ತು ದಿನದಲ್ಲಿ ಬಂದು ಉಳಿದ ದಿನ ಬಿಸಿಲು ಬಿದ್ರೆ ದಿನಕ್ಕೆ 100 ಮಿ.ಮೀ. ಅಂದ್ರೆ ಇಲಾಖೆಯ ಭಾಷೆಯಲ್ಲಿ ‘ಭಾರಿ ಮಳೆ’. 64.5ರ ಮೇಲೆ ಹೋದ್ರೆ ಭಾರಿ, 115.6ರ ಮೇಲೆ ಅತಿ ಭಾರಿ, 204.5 ದಾಟಿದ್ರೆ ಅತ್ಯಂತ ಭಾರಿ. ತಿಂಗಳ ಕೊನೆಗೆ ಎರಡೂ ಕಡೆ ಮೊತ್ತ ಒಂದೇ, ಮೊಬೈಲಲ್ಲಿ ಹಸಿರು ಬಣ್ಣವೂ ಒಂದೇ. ಒಂದರಲ್ಲಿ ಬಾವಿ ತುಂಬ್ತದೆ, ಇನ್ನೊಂದರಲ್ಲಿ ದರೆ (ಕಡಿದ ಗುಡ್ಡೆಯ ಬದಿ) ಜರೀತದೆ.

2023 ಇದಕ್ಕೆ ಒಳ್ಳೆ ಉದಾಹರಣೆ. ಆ ವರ್ಷ ಕೇರಳಕ್ಕೆ ಮುಂಗಾರು ಮುಟ್ಟಿದ್ದು ಜೂನ್ 8ಕ್ಕೆ, ಅದೂ ಅರಬ್ಬಿ ಸಮುದ್ರದಲ್ಲಿ ಬಿಪರ್‌ಜಾಯ್ ಚಂಡಮಾರುತ ಎದ್ದು ಇದ್ದ ತೇವವನ್ನೆಲ್ಲ ಗುಜರಾತ್ ಕಡೆ ಎಳೆದುಕೊಂಡು ಹೋಯ್ತು. ತುಂಬೆ ಡ್ಯಾಮಲ್ಲಿ ನೇತ್ರಾವತಿ ತಳ ಕಂಡು ಮಂಗಳೂರು ಸಿಟಿಗೆ ನೀರು ಬಿಡುವುದಕ್ಕೇ ರೇಷನ್ ಆಗಿತ್ತು (2019ರಲ್ಲೂ ಇದೇ ಕಥೆ). ಮತ್ತೆ ಜುಲೈ ಬಂದದ್ದೇ ತಡ ಶಾಲೆಗೆ ರಜೆ ಮೇಲೆ ರಜೆ, ಎಲ್ಲಿ ನೋಡಿದ್ರೂ ನೆರೆ. ಆಗಸ್ಟ್‌ಗೆ ಪೂರಾ ಕೈಕೊಟ್ಟಿತು, ದೇಶದಲ್ಲಿ 1901ರಿಂದ ಲೆಕ್ಕ ಇಟ್ಟದ್ದರಲ್ಲಿ ಅಷ್ಟು ಒಣ ಆಗಸ್ಟ್ ಬೇರೆ ಇಲ್ಲ, ಶೇ. 36 ಕೊರತೆ. ನಾನು ಆ ವರ್ಷದ ಆಟಿ (ತುಳುವರ ಜುಲೈ-ಆಗಸ್ಟ್ ತಿಂಗಳು) ಅಮಾವಾಸ್ಯೆಗೆ ಕಷಾಯಕ್ಕೆ ಹಾಳೆಮರದ ಕೆತ್ತೆ (ತೊಗಟೆ) ತರ್ಲಿಕ್ಕೆ ನಸುಕಿಗೆ ಹೋದಾಗ ಕಾಲಿಗೆ ಕೆಸರು ಅಂಟಲಿಲ್ಲ ಮಾರಾಯ್ರೆ. ಆಟಿಯಲ್ಲಿ ಕೆಸರಿಲ್ಲ ಅಂದ್ರೆ ಬಾವಿಗೆ ಮುಂದಿನ ಬೇಸಗೆ ಕಷ್ಟ ಅಂತ ಅಲ್ಲೇ ಗೊತ್ತಾಯ್ತು, ಅದಕ್ಕೆ ಉಪಗ್ರಹ ಬೇಡ.

ಆದ್ರೆ ಇಲ್ಲಿ ನಾನೊಂದು ಗೆರೆ ಎಳೀಬೇಕು. 2023ರ ಆಗಸ್ಟ್‌ನ ತಪ್ಪನ್ನೆಲ್ಲ ಹವಾಮಾನ ಬದಲಾವಣೆಯ ತಲೆಗೆ ಕಟ್ಟಿದ್ರೆ ಅದು ಸರಿಯಾದ ಲೆಕ್ಕ ಅಲ್ಲ. ಅದು ಎಲ್ ನಿನೋ ವರ್ಷ. ಪೆಸಿಫಿಕ್ ಸಾಗರದ ಪೂರ್ವ ಭಾಗ ಬಿಸಿಯಾದಾಗ ನಮ್ಮ ಮುಂಗಾರು ಸೊರಗುವುದು ಹಿಂದಿನಿಂದಲೂ ಇದ್ದದ್ದೇ, ನಮ್ಮ ಅಜ್ಜನ ಕಾಲದಲ್ಲೂ ಇತ್ತು, ಆಗ ಆ ಹೆಸರು ಗೊತ್ತಿರಲಿಲ್ಲ ಅಷ್ಟೆ. ಹಾಗೆಯೇ ಮುಂಗಾರು ಬರುವ ದಿನವೂ. ಕೇರಳಕ್ಕೆ ಜೂನ್ 1 ಅಂತ ಪುಸ್ತಕದಲ್ಲಿ ಉಂಟು, ನಿಜವಾಗಿ ಬಂದದ್ದು ನೋಡಿ: 2018ರಲ್ಲಿ ಮೇ 29, 2019ರಲ್ಲಿ ಜೂನ್ 8, 2020ರಲ್ಲಿ ಸರೀ ಜೂನ್ 1, 2021ರಲ್ಲಿ ಜೂನ್ 3, 2022ರಲ್ಲಿ ಮೇ 29, 2023ರಲ್ಲಿ ಪುನಃ ಜೂನ್ 8, 2024ರಲ್ಲಿ ಮೇ 30, 2025ರಲ್ಲಿ ಮೇ 24. ಇದರಲ್ಲಿ ‘ಮುಂಗಾರು ವರ್ಷವರ್ಷ ಬೇಗ ಬರ್ತಾ ಉಂಟು’ ಅಂತ ಹೇಳ್ಲಿಕ್ಕೆ ಎಂತ ಉಂಟು? ಹಿಂದೆ ಮುಂದೆ ಓಲಾಡ್ತಾ ಉಂಟು ಅಷ್ಟೆ. 2009ರಲ್ಲಿ ಮೇ 23ಕ್ಕೇ ಬಂದಿತ್ತು, ಆ ವರ್ಷ ಕೊನೆಗೆ ದೇಶಕ್ಕೆ ದೊಡ್ಡ ಬರ. ಬೇಗ ಬಂದವ ಜಾಸ್ತಿ ದಿನ ಕೂತುಕೊಳ್ತಾನೆ ಅಂತ ಏನೂ ಇಲ್ಲ. ಆದ್ರೆ ಹೊರಡುವ ಕಡೆ ಸ್ವಲ್ಪ ಬದಲಾವಣೆ ಕಾಗದಕ್ಕೂ ಬಂದಿದೆ, ಮುಂಗಾರು ರಾಜಸ್ಥಾನದಿಂದ ಹಿಂದೆ ಸರಿಯಲು ಶುರುಮಾಡುವ ದಿನ ಮೊದಲು ಸೆಪ್ಟೆಂಬರ್ 1 ಅಂತ ಇತ್ತು, 2020ರಲ್ಲಿ ಇಲಾಖೆಯೇ ಅದನ್ನು ಸೆಪ್ಟೆಂಬರ್ 17 ಅಂತ ತಿದ್ದಿತು.

ಪತ್ತನಾಜೆಯ ವಿಷಯ ನೀವು ಹೇಳಿದ್ದು ಓದಿ ನನಗೆ ನಗು ಬಂತು, ಯಾಕಂದ್ರೆ ಆ ದಿನ ನಾನೂ ಅದೇ ಯೋಚನೆ ಮಾಡ್ತಾ ಕೂತಿದ್ದೆ. ತುಳು ಲೆಕ್ಕದ ಬೇಸ ತಿಂಗಳ ಹತ್ತನೇ ದಿನ, ಮೇ 24. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ದಿನ, ನೇಮ ಕೋಲ ನಿಲ್ಲುವ ದಿನ. ಹತ್ತು ಹನಿಯಾದ್ರೂ ಮಳೆ ಬೀಳ್ಬೇಕು ಅಂತ ತುಳುವಿನಲ್ಲಿ ಮಾತುಂಟು. 2025ರಲ್ಲಿ ಅದೇ ಮೇ 24ಕ್ಕೆ ಕೇರಳಕ್ಕೆ ಮುಂಗಾರು ಬಂತು, 26ಕ್ಕೆ ಮುಂಬೈ ಮುಟ್ಟಿಯೂ ಆಯ್ತು, ನಡುವೆ ನಾವು. ಹತ್ತು ಹನಿ ಕೇಳಿದವರಿಗೆ ಹತ್ತು ದಿನದ ಜಡಿಮಳೆ. ಹಿರಿಯರು ಈ ದಿನ ಇಟ್ಟದ್ದು ಆಟಕ್ಕಲ್ಲ, ಬಯಲಾಟದ ರಂಗಸ್ಥಳ ಕೆಸರಾಗುವ ಮೊದಲು ಪೆಟ್ಟಿಗೆ ಕಟ್ಟಬೇಕು, ಬೀಜ ಹಾಕುವ ಮೊದಲು ಗದ್ದೆಗೆ ಜನ ವಾಪಸು ಬರಬೇಕು. ಅದೊಂದು ಕ್ಯಾಲೆಂಡರ್ ಆಗಿತ್ತು, ಆಚೀಚೆ ನಾಲ್ಕು ದಿನ ಆದ್ರೂ ಕೆಲಸಕ್ಕೆ ಬರ್ತಿತ್ತು. ಈಗ ಆಚೀಚೆ ಹದಿನೈದು ದಿನ ಆಗ್ತದೆ.

ಹಾಗಾದ್ರೆ ಹವಾಮಾನ ಬದಲಾವಣೆ ಅಂತ ಧೈರ್ಯವಾಗಿ ಹೇಳಬಹುದಾದ್ದು ಯಾವುದು? ನನ್ನ ಪ್ರಕಾರ ಮೊದಲನೆಯದು ಸಮುದ್ರ. ನಾವು ಮಳೆ ನೋಡ್ಲಿಕ್ಕೆ ಆಕಾಶ ನೋಡ್ತೇವೆ, ನೋಡಬೇಕಾದ್ದು ಪಣಂಬೂರು, ಮಲ್ಪೆ ಬೀಚಿನಿಂದ ಆಚೆ ಕಾಣುವ ನೀರು. ಪುಣೆಯಲ್ಲಿ ಹವಾಮಾನದ ಸಂಶೋಧನೆ ಮಾಡುವ ಐಐಟಿಎಂ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಲೆಕ್ಕ ಕೊಟ್ಟರು, ಅರಬ್ಬಿ ಸಮುದ್ರದ ಮೇಲ್ಮೈ ನಾಲ್ಕು ದಶಕದಲ್ಲಿ 1.2ರಿಂದ 1.4 ಡಿಗ್ರಿ ಬಿಸಿಯಾಗಿದೆ. 1982ರಿಂದ 2000ದವರೆಗಿನ ಕಾಲಕ್ಕೆ ಹೋಲಿಸಿದ್ರೆ 2001ರಿಂದ 2019ರೊಳಗೆ ಇಲ್ಲಿ ಚಂಡಮಾರುತ ಶೇ. 52 ಜಾಸ್ತಿ, ಅದೇ ಬಂಗಾಳ ಕೊಲ್ಲಿಯಲ್ಲಿ ಸ್ವಲ್ಪ ಕಡಿಮೆ. ನಮ್ಮ ಬಾಲ್ಯದಲ್ಲಿ ಸೈಕ್ಲೋನ್ ಅಂದ್ರೆ ಆಂಧ್ರ, ಒರಿಸ್ಸಾದವರ ಕಷ್ಟ, ರೇಡಿಯೋದಲ್ಲಿ ಕೇಳಿ ಪಾಪ ಅಂತ ಹೇಳುವುದು. 2017ರ ಓಖಿ, 2019ರ ಕ್ಯಾರ್, ಮಹಾ, 2021ರ ತೌಕ್ತೆ ಅಂತ ಹೆಸರುಗಳೇ ಬಾಯಿಪಾಠ ಆಗುವಷ್ಟು ಬಂತು. ತೌಕ್ತೆ ನಮ್ಮ ಕಡಲ ಕರೆಗೆ (ದಡಕ್ಕೆ) ಅಪ್ಪಳಿಸಲೂ ಇಲ್ಲ, ದೂರದಲ್ಲಿ ಉತ್ತರಕ್ಕೆ ಹೋಯ್ತು, ಆದ್ರೂ ಸೋಮೇಶ್ವರ ಉಚ್ಚಿಲದಲ್ಲಿ ತೆಂಗಿನ ಮರ ಬುಡಸಮೇತ ಸಮುದ್ರಕ್ಕೆ ಹೋದದ್ದು ನೋಡಿದವರಿಗೆ ಮರೆಯುವುದಿಲ್ಲ.

ಬಿಸಿ ನೀರಿಗೂ ಮಳೆಗೂ ಎಂತ ಸಂಬಂಧ ಅಂದ್ರೆ, ಗಾಳಿ ಒಂದು ಡಿಗ್ರಿ ಬಿಸಿಯಾದ್ರೆ ಸುಮಾರು ಶೇ. 7 ಜಾಸ್ತಿ ತೇವ ಹಿಡ್ಕೊಳ್ತದೆ. ಸ್ಪಂಜು ದೊಡ್ಡದಾದ ಹಾಗೆ. ಸ್ಪಂಜು ದೊಡ್ಡದಾದ್ರೆ ಎರಡು ಕೆಲಸ ಆಗ್ತದೆ, ತುಂಬ್ಲಿಕ್ಕೆ ಜಾಸ್ತಿ ಹೊತ್ತು ಬೇಕು, ಹಿಂಡಿದಾಗ ಬೀಳುವ ನೀರೂ ಜಾಸ್ತಿ. ಮಳೆಯ ನಡುವೆ ಬಿಡುವು ಉದ್ದ ಆಗುವುದು, ಬಂದಾಗ ಒಮ್ಮೆಲೇ ಸುರಿಯುವುದು, ಎರಡಕ್ಕೂ ಕಾರಣ ಇಲ್ಲೇ ಉಂಟು. ಭೂ ವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯಲ್ಲಿ ಎರಡೂ ಮಾತು ಒಟ್ಟಿಗೆ ಇದೆ. 1951ರಿಂದ 2015ರೊಳಗೆ ದೇಶದ ಮುಂಗಾರು ಮಳೆ ಸುಮಾರು ಶೇ. 6 ಇಳಿದಿದೆ, ಅದರಲ್ಲೂ ಗಂಗಾ ಬಯಲಿನಲ್ಲಿ ಮತ್ತೆ ನಮ್ಮ ಪಶ್ಚಿಮ ಘಟ್ಟದಲ್ಲಿ. ಹೊಗೆ ದೂಳಿನ ಕಣಗಳು ಬಿಸಿಲು ತಡೆದು ನೆಲ ತಣ್ಣಗಾಗಿಸಿದ್ದೂ ಇದಕ್ಕೆ ಒಂದು ಕಾರಣ ಅಂತ ಹೇಳಿದ್ದಾರೆ. ಅಂದ್ರೆ ‘ಮಳೆಯೇ ಕಡಿಮೆಯಾಗಿದೆ’ ಅನ್ನುವ ಅತ್ತೆಯ ಮಾತಿಗೆ ಘಟ್ಟದ ಮಟ್ಟಿಗೆ ಸಾಕ್ಷಿ ಸಿಕ್ಕಿತು, ಹೇಳಿ ಅವರಿಗೆ.

ಮೋಡದ ಜಾತಿಯೂ ಬದಲಾಗ್ತಾ ಉಂಟು. ನಮ್ಮ ಹಳೆಯ ಮುಂಗಾರು ಮಳೆಯ ಗುಣ ಹೇಗೆ? ಪಡುವಣ ಗಾಳಿ ಸಮುದ್ರದಿಂದ ತೇವ ತರುವುದು, ಘಟ್ಟ ಅದನ್ನು ಮೇಲಕ್ಕೆ ನೂಕುವುದು, ತಗ್ಗು ಮೋಡದಿಂದ ಗಂಟೆಗಟ್ಟಲೆ ಒಂದೇ ಹದದಲ್ಲಿ ಸುರಿಯುವುದು. ಗುಡುಗು ಸಿಡಿಲು ಇದ್ದದ್ದು ಮೇ ತಿಂಗಳಿಗೆ ಮತ್ತೆ ಅಕ್ಟೋಬರಿಗೆ, ಜುಲೈಯ ಮಳೆ ಗಲಾಟೆ ಮಾಡುವ ಮಳೆ ಅಲ್ಲ. ಈಗ ಜುಲೈ, ಆಗಸ್ಟ್‌ನಲ್ಲೂ ಸಿಡಿಲು ಹೊಡೆಯುವುದು ಕೇಳಿದ್ದೀರಲ್ಲ? ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2022ರಲ್ಲಿ ಇದನ್ನೇ ಬರೆದರು, ಪಶ್ಚಿಮ ಕರಾವಳಿಯ ಮುಂಗಾರಿನಲ್ಲಿ ಎತ್ತರಕ್ಕೆ ಬೆಳೆಯುವ ಗುಡುಗು ಮೋಡಗಳ ಪಾಲು ಏರ್ತಾ ಉಂಟು ಅಂತ. ಅಂಥಾ ಮೋಡ ಮೂರು ಗಂಟೆಯಲ್ಲಿ ಮೂರು ದಿನದ್ದು ಸುರಿದು ಹೋಗ್ತದೆ, ಪಕ್ಕದ ಗ್ರಾಮದಲ್ಲಿ ಒಣಹಾಕಿದ ಬಟ್ಟೆ ಒಣಗಿಕೊಂಡೇ ಇರ್ತದೆ. 2018ರ ಮೇ 29ಕ್ಕೆ ಮಂಗಳೂರು ಸಿಟಿ ಮುಳುಗಿದ್ದು, 2020ರ ಸೆಪ್ಟೆಂಬರ್ 20ಕ್ಕೆ ಉಡುಪಿಯಲ್ಲಿ ಕಲ್ಸಂಕ ತೋಡು ಉಕ್ಕಿ ಮಠದ ಸುತ್ತ ನೀರು ನಿಂತದ್ದು, ಎರಡೂ ದಿನ ‘ಹೀಗೆ ಬರ್ತದಾ ಮಳೆ’ ಅಂತ ಬಾಯಿಬಿಟ್ಟು ನೋಡಿದವರೇ ಎಲ್ಲ.

ಸೆಕೆಯ ವಿಷಯಕ್ಕೆ ಬರ್ತೇನೆ. ನಮ್ಮಲ್ಲಿ ಥರ್ಮಾಮೀಟರ್ ಅತಿ ಮೇಲೆ ಹೋಗುವುದು ಹೆಚ್ಚಾಗಿ ಫೆಬ್ರವರಿ, ಮಾರ್ಚ್‌ನಲ್ಲೇ, ಮೇಯಲ್ಲಿ ಅಲ್ಲ, ಇದು ಹೊರಗಿನವರಿಗೆ ಹೇಳಿದ್ರೆ ನಂಬುವುದಿಲ್ಲ. ಆ ತಿಂಗಳಲ್ಲಿ ಬೆಳಿಗ್ಗೆ ಗಾಳಿ ಬೀಸುವುದು ಮೂಡಣದಿಂದ, ಘಟ್ಟದ ಮೇಲಿಂದ ಕೆಳಗೆ. ಒಣ ಗಾಳಿ ಇಳಿಯುವಾಗ ನೂರು ಮೀಟರಿಗೆ ಹತ್ತಿರಹತ್ತಿರ ಒಂದು ಡಿಗ್ರಿ ಬಿಸಿಯಾಗ್ತದೆ, ಎಂಟುನೂರು, ಸಾವಿರ ಮೀಟರ್ ಇಳಿದು ನಮ್ಮ ಅಂಗಳಕ್ಕೆ ಬರುವಾಗ ಅದು ಒಲೆಯ ಗಾಳಿ. ಅಂಥಾ ದಿನ ಗೊತ್ತಾಗುವುದು ಹೇಗೆ ಗೊತ್ತುಂಟಾ, ಬೆಳಿಗ್ಗೆ ಒಗೆದು ಹಾಕಿದ ಬೈರಾಸು (ಟವೆಲ್) ಹತ್ತೂವರೆಗೆ ಹಪ್ಪಳದ ಹಾಗೆ ಗರಿಗರಿ, ತುಟಿ ಒಡೀತದೆ. ಹನ್ನೊಂದು ಹನ್ನೆರಡರ ಹೊತ್ತಿಗೆ ಕಡಲ ಗಾಳಿ ತಿರುಗಿದ್ರೆ ಬಚಾವ್, ಕೂಡ್ಲೆ ಎರಡು ಮೂರು ಡಿಗ್ರಿ ಇಳೀತದೆ, ಅದು ಎರಡು ಗಂಟೆಗೆ ಬಂದ್ರೆ ಪಾದರಸ 37, 38ಕ್ಕೆ ಹತ್ತಿ ಕೂತಿರ್ತದೆ. ಕರಾವಳಿಗೆ ಶಾಖದ ಅಲೆ ಅಂತ ಘೋಷಿಸ್ಲಿಕ್ಕೆ 37 ಮುಟ್ಟಬೇಕು, ಜೊತೆಗೆ ಸಾಮಾನ್ಯಕ್ಕಿಂತ 4.5 ಡಿಗ್ರಿ ಜಾಸ್ತಿ ಇರಬೇಕು, ಬಯಲಿನವರಿಗಾದ್ರೆ 40. 2025ರ ಫೆಬ್ರವರಿ ಕೊನೆಯಲ್ಲಿ ನಮ್ಮ ಜಿಲ್ಲೆಗಳಿಗೆ ಅಂಥಾ ಎಚ್ಚರಿಕೆ ಕೊಟ್ಟರು. ಲೆಕ್ಕದ ಪುಸ್ತಕದಲ್ಲಿ ಫೆಬ್ರವರಿ ಇನ್ನೂ ಚಳಿಗಾಲ ಅಂತಲೇ ಉಂಟು! ಆ ಫೆಬ್ರವರಿ ದೇಶಕ್ಕೆ 1901ರ ನಂತರದ ಅತಿ ಬಿಸಿ ಫೆಬ್ರವರಿ, ಅದರ ಹಿಂದಿನ 2024 ಅತಿ ಬಿಸಿ ವರ್ಷ.

ಮೂಡಣ ಗಾಳಿ ಹೊಸತಲ್ಲ, ಆದ್ರೆ ಅದು ಹೊರಡುವ ಜಾಗವೇ ಬಿಸಿಯಾಗಿದೆ, ಅದು ಬಂದು ಸೇರುವ ಸಮುದ್ರವೂ ಬಿಸಿಯಾಗಿದೆ. ಏಪ್ರಿಲ್, ಮೇಯಲ್ಲಿ ನಮ್ಮ ಕರೆಯ ಆಚೆ ನೀರು 30 ಡಿಗ್ರಿ ದಾಟಿರ್ತದೆ, ಆ ನೀರಿನ ಮೇಲಿಂದ ಬರುವ ಗಾಳಿ ರಾತ್ರಿ ತಂಪು ಮಾಡುವುದು ಹೇಗೆ? ಮೇ ತಿಂಗಳ ಕಷ್ಟ 34 ಡಿಗ್ರಿಯದ್ದಲ್ಲ, ಬೆವರು ಆರದೆ ಇರುವುದು. ಮೊಬೈಲ್ ನೋಡಿ ‘34 ಅಷ್ಟೇ ಅಲ್ವಾ’ ಅಂತ ಹೇಳುವ ಕಲಬುರಗಿಯ ಫ್ರೆಂಡ್‌ಗೆ ಒಂದು ಮಧ್ಯಾಹ್ನ ಮಂಗಳೂರಿನ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯ್ಲಿಕ್ಕೆ ಹೇಳಿ.

ಡಿಸೆಂಬರಲ್ಲಿ ಅಡಿಕೆ ಒದ್ದೆಯಾದದ್ದು ಅಂತ ನೀವು ಬರೆದದ್ದು 2024ರದ್ದಿರಬೇಕು. ಫೆಂಗಲ್ ಚಂಡಮಾರುತ ನವೆಂಬರ್ 30ಕ್ಕೆ ಪುದುಚೇರಿ ಹತ್ತಿರ ನೆಲ ಹತ್ತಿ, ಅದರ ಉಳಿದ ಗಾಳಿಮೋಡ ತಮಿಳುನಾಡು ದಾಟಿ ಘಟ್ಟ ಇಳಿದು ಡಿಸೆಂಬರ್ 2, 3ಕ್ಕೆ ನಮ್ಮ ಮೇಲೆ ಬಂತು, ರೆಡ್ ಅಲರ್ಟ್, ಶಾಲೆಗೆ ರಜೆ. ಹೊಸ ಅಡಿಕೆ ಅಂಗಳದಲ್ಲಿ ಹರಡುವ ಸಮಯ ಅದು, ನಲುವತ್ತು ದಿನ ಬಿಸಿಲು ಕಂಡ್ರೆ ಮಾತ್ರ ಚಾಲಿ (ಒಣಗಿಸಿದ ಬಿಳಿ ಅಡಿಕೆ) ಬೆಳ್ಳಗೆ ನಿಲ್ಲುವುದು, ನಡುವೆ ಒಮ್ಮೆ ನೆನೆದ್ರೆ ಬೂಸ್ಟು ಬಂದು ಒಳ್ಳೆ ಅಡಿಕೆಯೂ ಪಟೋರದ (ಕಳಪೆ ಅಡಿಕೆಯ) ರೇಟಿಗೆ ಹೋಗ್ತದೆ. ಈ ಒಂದು ಘಟನೆಯನ್ನು ಹಿಡಿದು ಡಿಸೆಂಬರ್ ಮಳೆ ಇನ್ನು ಪ್ರತಿವರ್ಷ ಅಂತ ನಾನು ಹೇಳುವುದಿಲ್ಲ. ಆದ್ರೆ ಟರ್ಪಾಲಿನ ನಂಬಿಕೆಯಲ್ಲಿ ಕೂರುವ ಕಾಲ ಹೋಯ್ತು, ಪ್ಲಾಸ್ಟಿಕ್ ಹೊದೆಸಿದ ಸೋಲಾರ್ ಗೂಡು ಚಿಕ್ಕದಾದ್ರೂ ಒಂದು ಮಾಡಿಕೊಳ್ಳಿ, ಅಂಗಳದ ಅರ್ಧಕ್ಕಾದ್ರೂ.

ಬಾವಿಯ ಪ್ರಶ್ನೆಗೆ ಉತ್ತರ ಆಕಾಶದಲ್ಲಿ ಅರ್ಧ ಮಾತ್ರ ಉಂಟು. ಉಳಿದರ್ಧ ನೆಲದಲ್ಲಿ, ಅದನ್ನು ನಾವೇ ಮಾಡಿದ್ದು. ಒಂದು ಎಕ್ರೆ ಬೈಲುಗದ್ದೆಯಲ್ಲಿ ನಾಲ್ಕು ಇಂಚು ನೀರು ಕಟ್ಟಿ ನಿಂತ್ರೆ ಅದು ನಾಲ್ಕು ಲಕ್ಷ ಲೀಟರ್. ಏಣೆಲು (ಮಳೆಗಾಲದ ಭತ್ತ) ಬೇಸಾಯ ಇದ್ದಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ನೀರು ಅಲ್ಲೇ ನಿಂತು ಇಂಗ್ತಿತ್ತು. ಗದ್ದೆಗೆ ಮಣ್ಣು ತುಂಬಿಸಿ ಸೈಟ್ ಮಾಡಿದ್ರೆ, ಅಥವಾ ಚರಂಡಿ ತೋಡಿ ಅಡಿಕೆ ಹಾಕಿದ್ರೆ, ಅದೇ ನಾಲ್ಕು ಲಕ್ಷ ಲೀಟರ್ ಅರ್ಧ ಗಂಟೆಯಲ್ಲಿ ತೋಡಿಗೆ. ಕೆಳಗಿನವನಿಗೆ ನೆರೆ, ಮೇಲಿನವನಿಗೆ ಮಾರ್ಚ್‌ನಲ್ಲಿ ಬಾವಿ ಖಾಲಿ. ಇಂಗುವುದಕ್ಕೂ ಒಂದು ಸ್ಪೀಡ್ ಉಂಟು, ಗುಡ್ಡೆಯ ಮುರಕಲ್ಲು (ಜಂಬಿಟ್ಟಿಗೆ) ಗಂಟೆಗೆ ಇಷ್ಟು ಅಂತ ಕುಡಿಯುವುದು, ಅದಕ್ಕಿಂತ ಜೋರು ಮಳೆ ಬಂದ್ರೆ ಬಾಕಿಯದ್ದು ಹರಿದೇ ಹೋಗುವುದು. ನವೆಂಬರ್ ಡಿಸೆಂಬರ್‌ನಲ್ಲಿ ಊರವರು ಸೇರಿ ತೋಡಿಗೆ ಕಟ್ಟ ಕಟ್ಟುತ್ತಿದ್ದದ್ದು ಅತ್ತೆಗೆ ನೆನಪಿರಬಹುದು, ಕಲ್ಲು, ಮಣ್ಣು, ಸೊಪ್ಪು ಹಾಕಿ. ಬೋರ್‌ವೆಲ್ ಬಂದ ಮೇಲೆ ಅದಕ್ಕೆ ಜನ ಸೇರುವುದು ನಿಂತಿತು. ನನ್ನ ಕೇಳಿದ್ರೆ ಸರ್ಕಾರದ ದೊಡ್ಡ ಕಿಂಡಿ ಅಣೆಕಟ್ಟಿಗಿಂತ ಈ ಹತ್ತು ಮನೆಯ ಕಟ್ಟಗಳೇ ಬಾವಿಗೆ ಒಳ್ಳೆಯದು, ಇದಕ್ಕೆ ಒಪ್ಪದ ಇಂಜಿನಿಯರ್‌ಗಳು ಇದ್ದಾರೆ, ಇರ್ಲಿ.

ದರೆ ಕುಸಿಯುವುದೂ ಹಾಗೇ. ಮೇಲೆ ಗಟ್ಟಿ ಮುರಕಲ್ಲು, ಅದರ ಅಡಿಗೆ ಶೇಡಿಮಣ್ಣು (ಬಿಳಿ ಜೇಡಿ). ಒಣಗಿದ್ದಾಗ ಪಿಕ್ಕಾಸಿಗೂ ಬಗ್ಗದಷ್ಟು ಗಟ್ಟಿ, ನೀರು ಕುಡಿದ್ರೆ ಮಜ್ಜಿಗೆ. ಜೆಸಿಬಿಯಲ್ಲಿ ಗುಡ್ಡೆಯನ್ನು ನೇರ ಗೋಡೆಯ ಹಾಗೆ ಕಡಿದು ಅದರ ಬುಡಕ್ಕೆ ಮನೆ ಕಟ್ಟಿದ್ರೆ ಆ ಶೇಡಿ ಹೊರಗೆ ಬಿತ್ತು ಅಂತ ಲೆಕ್ಕ. 2025ರ ಮೇ 30ಕ್ಕೆ ಮಂಜನಾಡಿ, ದೇರಳಕಟ್ಟೆ ಕಡೆ ಮನೆಯೊಳಗೆ ಮಲಗಿದ್ದವರ ಮೇಲೆ ಮಣ್ಣು ಬಂತಲ್ಲ, ಮಕ್ಕಳೂ ಹೋದರು. ನಿಮ್ಮ ಮನೆ ಹಿಂದೆ ಅಂಥಾ ದರೆ ಉಂಟಾದ್ರೆ ರೆಡ್ ಅಲರ್ಟ್ ದಿನ ಆ ಬದಿಯ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡಿ.

ಮತ್ತೆ, ಹಿಂದೆ ನೆರೆ ಇರಲಿಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. 1923ರ ಮಾರಿ ಬೊಳ್ಳದಲ್ಲಿ (ಮಹಾನೆರೆಯಲ್ಲಿ) ನೇತ್ರಾವತಿ ಪಾಣೆಮಂಗಳೂರು, ಬಂಟ್ವಾಳ ಪೇಟೆಯನ್ನೇ ತೊಳೆದುಕೊಂಡು ಹೋಗಿತ್ತು, 1974ರಲ್ಲಿ ಪುನಃ ಬಂತು. ಆಗ ಯಾರೂ ಗುಡ್ಡೆ ಕಡಿದಿರಲಿಲ್ಲ. ಐವತ್ತು ವರ್ಷಕ್ಕೊಮ್ಮೆ ಬರುವುದು ಹತ್ತು ವರ್ಷಕ್ಕೊಮ್ಮೆ ಬಂದ್ರೆ ಎಂತ ಮಾಡುವುದು ಅನ್ನುವುದಷ್ಟೇ ಈಗಿನ ತಲೆಬಿಸಿ.

ಈಗ ಮದ್ದು. ಅಡಿಕೆ ಕೊಳೆತು ಉದುರುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವ ಪದ್ಧತಿಗೆ ನೂರು ವರ್ಷ ದಾಟಿತು, ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಅಂತ ಕೆನಡಾದವರು 1910ರಲ್ಲೇ ಈ ರೋಗದ ಬಗ್ಗೆ ಬರೆದಿದ್ದಾರೆ. ಹದ ಬದಲಾಗಿಲ್ಲ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಬೇರೆಬೇರೆ ಡ್ರಮ್ಮಲ್ಲಿ ಕರಗಿಸಿ ಸೇರಿಸಬೇಕು, ಆಮೇಲೆ ಉಜ್ಜಿ ತೊಳೆದ ಚೂರಿ ಅದ್ದಿ ನೋಡಿ, ಚೂರಿಗೆ ತಾಮ್ರದ ಕೆಂಪು ಹಿಡಿದ್ರೆ ಇನ್ನೂ ಸ್ವಲ್ಪ ಸುಣ್ಣದ ನೀರು ಬೇಕು ಅಂತ ಅರ್ಥ. ಬದಲಾಗಬೇಕಾದ್ದು ತಾರೀಕು. ‘ಮೇ ಕೊನೆಗೆ ಅಥವಾ ಜೂನ್ ಮೊದಲ ವಾರಕ್ಕೆ ಒಂದು, ಅಲ್ಲಿಂದ ನಲುವತ್ತು ನಲುವತ್ತೈದು ದಿನಕ್ಕೆ ಇನ್ನೊಂದು’ ಅಂತ ಮನಸ್ಸಲ್ಲಿ ಕೂತದ್ದನ್ನು ತೆಗೆದುಹಾಕಿ. ಮೇ 15 ಕಳೆದ ಮೇಲೆ ವಾರವಾರ ಮುನ್ಸೂಚನೆ ನೋಡಿ, ಕೇರಳಕ್ಕೆ ಮುಂಗಾರು ಯಾವಾಗ ಅಂತ ಇಲಾಖೆ ಮೇ ಮಧ್ಯದಲ್ಲೇ ಹೇಳ್ತದೆ, ನಾಲ್ಕು ದಿನ ಆಚೀಚೆ ಇಟ್ಟುಕೊಂಡೇ ಹೇಳುವುದು, ಅದಕ್ಕಿಂತ ಒಂದು ವಾರ ಮೊದಲು ನಿಮ್ಮ ಮದ್ದು ಆಗಿರಬೇಕು. ಮರ ಹತ್ತುವ ಜನಕ್ಕೆ ಕಾದು ಕೂತ್ರೆ ಆಗುವುದಿಲ್ಲ, ಎಲ್ಲರ ತೋಟಕ್ಕೂ ಅದೇ ನಾಲ್ಕು ದಿನ ಬೇಕಲ್ಲ. ಕಾರ್ಬನ್ ಫೈಬರ್ ದೋಟಿ (ನೆಲದಿಂದಲೇ ಮದ್ದು ಬಿಡುವ ಉದ್ದ ಕೋಲು) ನಾಲ್ಕೈದು ಮನೆಯವರು ಸೇರಿ ಒಂದು ತೆಗೊಳ್ಳಿ, ಯಜಮಾನ್ರು ಮೊಬೈಲ್ ಬದಿಗಿಟ್ಟು ದೋಟಿ ಹಿಡಿದ್ರೆ ಎರಡು ಎಕ್ರೆ ಮೂರು ದಿನದ ಕೆಲಸ. ಎರಡನೇ ಮದ್ದಿಗೂ ದಿನ ಎಣಿಸುವುದರ ಜೊತೆಗೆ ಬಿಡುವು ನೋಡಿ. ಮುಂಗಾರು ಈಗ ಬಿಡುವು ಕೊಟ್ಟೇ ಕೊಡ್ತದೆ, ಮೂವತ್ತೈದನೇ ದಿನಕ್ಕೆ ಎರಡು ದಿನ ಒಳ್ಳೆ ಬಿಸಿಲು ಬಂದ್ರೆ ಬಿಟ್ಟುಬಿಡಿ, ನಲುವತ್ತೈದಕ್ಕೆ ಕಾಯಬೇಡಿ. ಮಳೆ ಬಿಸಿಲು ಮಳೆ ಬಿಸಿಲು ಅಂತ ಆಟ ಆಡುವ ಹವೆಯೇ ಕೊಳೆರೋಗಕ್ಕೆ ಹಬ್ಬ, ಹೆದರಬೇಕಾದ್ದು ಅದಕ್ಕೆ.

ಒಂದು ಕೆಲಸ ಮಾತ್ರ ನೀವೇ ಮಾಡಬೇಕು, ಮಳೆ ಅಳೆಯುವುದು. ಹೋಬಳಿಯ ಮಾಪಕ ಎಲ್ಲೋ ನಾಲ್ಕು ಕಿಲೋಮೀಟರ್ ಆಚೆ ಇರ್ತದೆ, ಈಗಿನ ಮಳೆಗೆ ನಾಲ್ಕು ಕಿಲೋಮೀಟರ್ ಅಂದ್ರೆ ಬೇರೆ ಊರು. ಮೇಲಿಂದ ಕೆಳಗಿನವರೆಗೆ ಒಂದೇ ಅಗಲದ, ತಳ ಸಮ ಇರುವ ಡಬ್ಬಿ ಆದ್ರೂ ಸಾಕು, ಸ್ಕೇಲ್ ಇಟ್ಟು ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆದು ಚೆಲ್ಲುವುದು. ಒಂದು ಮಿ.ಮೀ. ಅಂದ್ರೆ ಚದರ ಮೀಟರಿಗೆ ಒಂದು ಲೀಟರ್, ನಿಮ್ಮ ಮನೆ ಮಾಡಿನಿಂದ (ಛಾವಣಿಯಿಂದ) ಎಷ್ಟು ನೀರು ಬಾವಿಗೆ ಬಿಡಬಹುದು ಅಂತ ಅದರಲ್ಲೇ ಲೆಕ್ಕ ಸಿಗ್ತದೆ, ಸಾವಿರ ಚದರಡಿ ಮಾಡಿಗೆ 100 ಮಿ.ಮೀ. ಬಿದ್ರೆ ಒಂಬತ್ತು ಸಾವಿರ ಲೀಟರ್ ದಾಟ್ತದೆ. ಒಣ ದಿನಕ್ಕೂ ಸೊನ್ನೆ ಅಂತ ಬರೀಬೇಕು, ಸೊನ್ನೆಗಳೇ ಮುಖ್ಯ.

ಇಡುವ ಜಾಗ ಮಾತ್ರ ನೋಡಿ ಇಡಿ. ಇಷ್ಟೆಲ್ಲ ಬರೆದವನು ನಾನು, ಬ್ರಹ್ಮಾವರದ ಈ ಮನೆಗೆ ಬಂದ ಮೊದಲ ಎರಡು ವರ್ಷ ಮಾಪಕವನ್ನು ಮನೆಯ ಮೂಡು ಬದಿಯಲ್ಲಿ ಇಟ್ಟಿದ್ದೆ, ಅಡಿಗೆಮನೆ ಬಾಗಿಲಿಂದ ನಾಲ್ಕು ಹೆಜ್ಜೆ, ಮಳೆಯಲ್ಲಿ ದೂರ ಹೋಗುವುದು ಬೇಡ ಅಂತ. ಜುಲೈಯಲ್ಲಿ ಮಳೆ ಪಡುವಣದಿಂದ ಓರೆಯಾಗಿ ಬರುವುದು, ಎರಡು ಮಾಳಿಗೆಯ ಗೋಡೆ ಅದನ್ನು ತಡೆಯುವುದು, ನನ್ನ ಡಬ್ಬಿಗೆ ಬಿದ್ದದ್ದು ಉಳಿಕೆ. ಅದನ್ನು ನೋಡಿ ‘ನಮ್ಮ ಊರಲ್ಲಿ ಮಳೆ ಕಡಿಮೆ ಆಗ್ತಾ ಉಂಟು’ ಅಂತ ಒಂದು ಮದುವೆ ಊಟದ ಪಂಕ್ತಿಯಲ್ಲಿ ಕೂತು ಭಾಷಣ ಬೇರೆ ಮಾಡಿದ್ದೆ. ಹೆಂಡತಿ ಒಂದು ದಿನ ‘ಅದು ಗೋಡೆ ಮರೆಯಲ್ಲಿ ಉಂಟಲ್ಲ’ ಅಂತ ಹೇಳುವವರೆಗೆ ನನಗೆ ಹೊಳೆಯಲಿಲ್ಲ. ಆ ಎರಡು ವರ್ಷದ ಪುಟ ಈಗ್ಲೂ ಪುಸ್ತಕದಲ್ಲಿ ಉಂಟು, ಮೇಲೆ ಕೆಂಪು ಪೆನ್ನಿನ ಅಡ್ಡಗೆರೆ. ಗೋಡೆ ಇರಲಿ ಮರ ಇರಲಿ, ಅದರ ಎತ್ತರದ ಎರಡು ಪಾಲು ದೂರ ಇಡಬೇಕು. ಅಷ್ಟೆಲ್ಲ ಅಳೀಲಿಕ್ಕೆ ಉದಾಸೀನ ಆದ್ರೆ, ಅಂಗಳದಲ್ಲಿ ಅಡಿಕೆ ಎಲ್ಲಕ್ಕಿಂತ ಬೇಗ ಒಣಗುವ ಜಾಗ ಯಾವುದು ಅಂತ ಅತ್ತೆಯ ಹತ್ತಿರ ಕೇಳಿ, ಅಲ್ಲೇ ಇಟ್ಟುಬಿಡಿ.